ತುಟಿ ಕೂಡುವ ಅಕ್ಷರ

ತುಟಿ ಅಲುಗುತ್ತಿದೆ, ಪಟ್ಟಿ ಅಲುಗುತ್ತಿಲ್ಲ — ಪರದೆಯ ಎಡಕ್ಕೆ ತಮ್ಮನ ಮುಖ, ಬಲಕ್ಕೆ ದನಿಯ ಮಟ್ಟ ತೋರಿಸುವ ಹಸಿರು ಪಟ್ಟಿ, ಅವನು ಬಾಯಿ ತೆರೆದಾಗೆಲ್ಲ ಅದು ಕುಣಿಯಬೇಕು, ಅವನ ದನಿಗೆ ಕುಣಿಯದವರು ಯಾರಿದ್ದರು, ಆದರೆ ಅದು ಬೆರಳಗಲ ಎದ್ದು ಅಲ್ಲೇ ನಡುಗುತ್ತಿದೆ, ಚಳಿಜ್ವರ ಬಂದವರ ಹಾಗೆ, ಅವಳ ಕಿವಿಯಲ್ಲಿ ಬರೀ ಫ್ಯಾನು, ಗೊರ್ರೆನ್ನುವ ಫ್ಯಾನು, ಅದರಡಿಯಲ್ಲಿ ಎಲ್ಲೋ, ಬಾವಿಯ ತಳದಲ್ಲಿ ಕೂತು ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ, ಅವನು, ಅವನೇ ಇರಬೇಕು, ತುಟಿ ಕೂಡುತ್ತದೆ, ಮುಖ ಒಂದಿಷ್ಟು ಪಕ್ಕಕ್ಕೆ ತಿರುಗುತ್ತದೆ, ತುಟಿ ಬಿಡುತ್ತದೆ. ಹಿಂದಕ್ಕೆಳೆದಳು. ಮತ್ತೆ ಕೂಡಿತು, ಮತ್ತೆ ತಿರುಗಿತು. ಸತ್ತು ವರ್ಷ ತುಂಬುತ್ತ ಬಂದ ತಮ್ಮ ಎಳೆದತ್ತ ಬರುತ್ತಾನೆ, ಬಿಟ್ಟತ್ತ ಹೋಗುತ್ತಾನೆ, ಬದುಕಿದ್ದಾಗ ಒಂದು ದಿನವಾದರೂ ಇಷ್ಟು ಹೇಳಿದ ಮಾತು ಕೇಳಿದ್ದನೇ, ಈಗ ಎಲ್ಲ ಕೇಳುತ್ತಾನೆ, ಮಾತು ಮಾತ್ರ ಕೇಳಿಸುವುದಿಲ್ಲ. ಹೆಡ್‌ಫೋನಿನ ಪಿನ್ನು ಕಿತ್ತು ಮತ್ತೆ ಚುಚ್ಚಿದಳು, ಬೇರೆ ಹೆಡ್‌ಫೋನು ಏರಿಸಿದಳು, ಯಾವ ಟ್ರ್ಯಾಕಿನ ಬಾಯಿಗಾದರೂ ಬೀಗ ಬಿದ್ದಿದೆಯೇ ಎಂದು ಒಂದೊಂದನ್ನೇ ನೋಡಿದಳು, ಬಿದ್ದಿಲ್ಲ, ಕ್ಲಿಪ್ಪಿನೊಳಗೆ ದನಿಯ ಚಾನೆಲ್ ಎಷ್ಟಿವೆ ಎಂದು ನೋಡಿದರೆ ಒಂದು ಎನ್ನುತ್ತದೆ. ಒಂದೇ? ಅವತ್ತು ತುಂಬಿದ್ದು ನಾಲ್ಕಲ್ಲವೇ, ಮೊದಲಿನ ಎರಡು ಅವನ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿನವು, ಉಳಿದೆರಡು ಕ್ಯಾಮೆರಾದ ನೆತ್ತಿಗೆ ಅಂಟಿಕೊಂಡ ಮೈಕಿನವು, ಆ ಕ್ಯಾಮೆರಾ ನಿಂತದ್ದು ದೂರದಲ್ಲಿ, ಫ್ಯಾನಿನ ಬುಡದಲ್ಲಿ, ಅದಕ್ಕೆ ಇವನಿಗಿಂತ ಫ್ಯಾನೇ ಹತ್ತಿರದ ನೆಂಟ. ಉಳಿದಿರುವುದು ನೆಂಟನ ಮಾತು, ಹೋಗಿರುವುದು ಮನೆಯವನದು. ಅಪ್ಪ ಊಟ ಮುಗಿಸಿ ಬಸ್ಸು ಹತ್ತುತ್ತೇನೆ ಎಂದಿದ್ದಾನೆ, ಹತ್ತಿಯೂ ಆಗಿರಬಹುದು, ಮಗನ ಸ್ವಂತ ದನಿಯಲ್ಲಿ ಒಂದೇ ಒಂದು ಮಾತು ತನ್ನ ಹತ್ತಿರ ಇದೆ ಎಂದು ಫೋನಿನಲ್ಲಿ ಹೇಳಿ ಕರೆಸಿದವಳು ಇವಳೇ, ತೆರೆದು ನೋಡುವ ಮೊದಲೇ, ಕೂಸು ಹುಟ್ಟುವ ಮುಂಚೆ ಕುಲಾವಿ.

ಕೆಳಗಿನ ಮಹಡಿಯಲ್ಲಿ ಹಳೆಯ ವಿಡಿಯೋ ತುಣುಕುಗಳನ್ನೆಲ್ಲ ಕಾಯುವವನೊಬ್ಬನಿದ್ದಾನೆ, ಇಡೀ ಸ್ಟುಡಿಯೋ ಅವನನ್ನು ಭಂಡಾರಿ ಎನ್ನುತ್ತದೆ, ಸಿಟ್ಟು ಬಂದಾಗ ಬಾಲ ಕತ್ತರಿಸಿ ಭಂಡ ಎನ್ನುತ್ತದೆ, ಅವನಿಗೆ ಫೋನು ಮಾಡಿದಳು, ಏನಪ್ಪಾ ಭಂಡಾರಿ, ನಾಲ್ಕು ಚಾನೆಲ್ ಕೊಟ್ಟಿದ್ನಲ್ಲ, ಒಂದೇ ವಾಪಸ್ ಬಂದಿದೆ. ಅಯ್ಯೋ ಮೇಡಂ, ಆ ಹೊಸ ಸಾಫ್ಟ್‌ವೇರು, ಅದೇ ಮಾಡ್ಕೊಳ್ಳತ್ತೆ, ತಿಂಗಳುಗಟ್ಟಲೆ ಯಾರೂ ಮುಟ್ಟದೇ ಇರೋದನ್ನ ಜಾಗ ಉಳಿಸೋಕೆ ಎಲ್ಲಾ ಚಾನೆಲ್ಲೂ ಕೂಡಿಸಿ ಮೋನೋ ಮಾಡಿ ಇಡತ್ತೆ, ಏನೂ ಹೋಗಲ್ಲ ಮೇಡಂ, ಎಲ್ಲಾ ಒಂದ್ರೊಳಗೇ ಇರತ್ತೆ, ಒಟ್ಟು ಕುಟುಂಬ ಇದ್ದಂಗೆ. ಒಟ್ಟು ಕುಟುಂಬದಲ್ಲಿ ಯಾರ ಮಾತು ಯಾರಿಗೆ ಕೇಳ್ಸತ್ತೋ ಮಾರಾಯ. ಹ್ಹೆ ಹ್ಹೆ, ಅದೂ ಸರೀನೇ ಅನ್ನಿ. ಮೂಲದ್ದು? ಕಾರ್ಡು ಆಗಲೇ ಅಳಿಸಿ ಬೇರೆ ಶೂಟಿಂಗಿಗೆ ಹೋಯ್ತಲ್ಲ ಮೇಡಂ. ಇನ್ನೊಂದು ಪ್ರತಿ ಇಟ್ಟಿರ್ತೀರಲ್ಲ? ಇಲ್ದೇ ಏನು, ಎರಡು ಕಡೆ ಇಟ್ಟಿದೀವಿ, ಬೆಂಕಿ ಬಿದ್ರೂ ಉಳಿಯತ್ತೆ. ಅದು ಯಾವುದರ ಪ್ರತಿ? ಇದರದ್ದೇ. ಇಲ್ಲದ್ದನ್ನು ಎರಡು ಕಡೆ ಭದ್ರವಾಗಿಟ್ಟಿದ್ದಾರೆ, ಬೆಂಕಿಗೂ ಸುಡಲಾಗದ ಹಾಗೆ, ಅವನು ಸುಟ್ಟು ಬೂದಿಯಾದ, ಅವನ ಇಲ್ಲದಿರುವಿಕೆ ಮಾತ್ರ ಕಬ್ಬಿಣದ ಕಪಾಟಿನಲ್ಲಿ ತಣ್ಣಗಿದೆ — ಆದರೆ ತಡೆ, ಕೂಡಿಸಿದರೆ ಹೆಚ್ಚಾಗಬೇಕಲ್ಲ, ಕಾಲರಿನ ಮೈಕು ಬಾಯಿಯ ಬುಡದಲ್ಲೇ ಇತ್ತು, ಫ್ಯಾನನ್ನು ನುಂಗಿ ನೀರು ಕುಡಿಯಬೇಕಾಗಿತ್ತು ಅದು, ಎಲ್ಲಿ ಹೋಯಿತು? ಅವತ್ತು ಕಾಲರಿನ ಮೈಕಿಗೆ ಹಾಕಿದ್ದ ಕೇಬಲ್ಲಿನಲ್ಲೇ ಹಿಡಿದ ಇನ್ನೊಂದು ತುಣುಕು ಅವಳದೇ ಡಿಸ್ಕಿನಲ್ಲಿತ್ತು, ಒಬ್ಬ ದರ್ಜಿಯ ಸಂದರ್ಶನ, ಇನ್ನೂ ಭಂಡಾರಕ್ಕೆ ಹೋಗದ್ದು, ತೆರೆದಳು, ಕಾಲರಿನ ಮೈಕಿನ ಎರಡು ಹಸಿರು ಪಟ್ಟಿಗಳೂ ಜೋಡೆತ್ತಿನಂತೆ ಏರುತ್ತವೆ ಇಳಿಯುತ್ತವೆ, ಆದರೆ ದರ್ಜಿ ಮುಂದಿನಿಂದ ಮಾತಾಡುತ್ತಿಲ್ಲ, ಅವಳ ತಲೆಯ ಹಿಂದೆ ನಿಂತು ಮಾತಾಡುತ್ತಿದ್ದಾನೆ, ಥಟ್ಟನೆ ತಿರುಗಿ ನೋಡಿದಳು, ಬಾಗಿಲಿಗೆ ನೇತುಹಾಕಿದ ಅವಳದೇ ಚೀಲ, ಮತ್ತೆ ತಿರುಗಿ ಮೋನೋ ಗುಂಡಿ ಒತ್ತಿದಳು, ದರ್ಜಿ ಮಾಯ. ಕತ್ತರಿ ಸದ್ದಿದೆ, ಫ್ಯಾನಿದೆ, ದರ್ಜಿಯ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿದೆ.

ಆ ಕೇಬಲ್ಲಿಗೆ ಬೆಸುಗೆ ಹಾಕಿದವನು ತಮ್ಮನೇ. ಒಂದು ಮೈಕಿನ ದನಿಯನ್ನು ಎರಡು ಚಾನೆಲ್ಲಿಗೆ ಕವಲೊಡೆಸುವ ಕೇಬಲ್ಲು, ಅಂಗಡಿಯದ್ದು ಯಾಕಕ್ಕಾ, ನಾನಿಲ್ವಾ, ನಿನ್ನ ಸ್ಟುಡಿಯೋಗೆ ಬೆಸುಗೆ, ನನ್ನ ಕೈಗೆ ಒಸಗೆ ಎಂದೇನೋ ಅರ್ಥವಿಲ್ಲದ ಪ್ರಾಸ ಕಟ್ಟಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಹೊಗೆ ಎಬ್ಬಿಸಿದ್ದ, ಒಂದು ತುದಿಯಲ್ಲಿ ಬಿಳಿ ತಂತಿ ಕೂರಬೇಕಾದಲ್ಲಿ ಕೆಂಪು ಕೂತಿದೆ, ಕೆಂಪಿನಲ್ಲಿ ಬಿಳಿ, ಅಷ್ಟೇ, ಅಷ್ಟಕ್ಕೇ ಒಂದು ಚಾನೆಲ್ಲಿನಲ್ಲಿ ಅಲೆ ಮೇಲೇಳುವಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತದೆ, ಬೇರೆ ಬೇರೆ ಇದ್ದರೆ ಎರಡೂ ಸರಿ, ಕೂಡಿಸಿದರೆ ಸೊನ್ನೆ, ಒಬ್ಬನದೇ ದನಿ ಒಬ್ಬನದೇ ದನಿಯನ್ನು ತಿಂದು ಮುಗಿಸುತ್ತದೆ. ಅಲೆ ಹೀಗೆ ತಲೆಕೆಳಗಾದರೆ ಫೇಸ್ ತಿರುಗಿದೆ ಎನ್ನುತ್ತಾರೆ ಈ ಕಸುಬಿನವರು, ಅವಳಿಗೆ ಎಂದೂ ಅದು ಮುಖ ತಿರುಗಿದೆ ಎಂದೇ ಕೇಳಿಸುವುದು. ಟೈಟಲ್ಲಿನಲ್ಲಿ ಸಂಕಲನ ಎಂದು ಅವಳ ಹೆಸರು ಬಂದಾಗೆಲ್ಲ ಅವನು ಗಣಿತದ ಮೇಷ್ಟ್ರ ಮೂಗುದನಿಯೊಳಗೆ ಹೊಕ್ಕು, ಎಲೈ ಹುಡುಗಿ, ಸಂಕಲನ ಎಂದರೆ ಕೂಡುವುದು, ನೀನು ದಿನವಿಡೀ ಕೂತು ಮಾಡುವುದು ಕಳೆಯುವುದು, ಅಲ್ಲಿ ವ್ಯವಕಲನ ಎಂದು ಹಾಕಿಸತಕ್ಕದ್ದು, ಎನ್ನುತ್ತಿದ್ದ, ಈಗ ನೋಡಿ ಮೇಷ್ಟ್ರೇ, ಕೂಡಿದ್ದೇ ಕಳೆದದ್ದು, ಇವರ ಯಂತ್ರ ನಿಮ್ಮ ಶಿಷ್ಯನನ್ನು ಲೆಕ್ಕ ತಪ್ಪದೆ ಕೂಡಿ ಸೊನ್ನೆ ಮಾಡಿದೆ. ಮೋನೋ ಅಲ್ಲ ಅಕ್ಕಾ, ಮೌನೋ. ಇದನ್ನು ಅವನು ಹೇಳಿದ್ದನೇ, ಈಗ ಅವಳೇ ಅವನ ಪರವಾಗಿ ಹೇಳಿಕೊಂಡಳೇ, ಇತ್ತೀಚೆಗೆ ಗೊತ್ತಾಗುವುದಿಲ್ಲ, ಅವನ ತಮಾಷೆಗಳು ಅವನಿಲ್ಲದೆಯೇ ಹುಟ್ಟುತ್ತಿವೆ.

ಅವನು ಅನುಕರಿಸಿದ ಎಲ್ಲರ ದನಿಯೂ ಇದೆ, ಅವನದ್ದೊಂದಿಲ್ಲ. ಫೋನಿನ ತುಂಬ, ಕಾಲೇಜು ವೇದಿಕೆಯ ಹಳೆಯ ವಿಡಿಯೋಗಳ ತುಂಬ, ನೆಗಡಿಯಾದ ವಾರ್ತಾವಾಚಕಿ, ಲೆಕ್ಕ ತಪ್ಪಿದ ಮೇಷ್ಟ್ರು, ಬೆಳಿಗ್ಗೆ ಸ್ಟಾರ್ಟ್ ಆಗದ ಸ್ಕೂಟರು, ಎದುರು ಮನೆಯ ಮಿಕ್ಸಿ, ಆ ಮಿಕ್ಸಿಗೆ ಬೈಯುವ ಮೇಲಿನ ಮನೆಯವರು, ಮತ್ತೆ ಅಪ್ಪ. ಅಪ್ಪ ಊರ ಬಸ್‌ಸ್ಟ್ಯಾಂಡಿನ ದನಿಯಾಗಿದ್ದವನು, ಗಾಜಿನ ಕೋಣೆಯಲ್ಲಿ ಕೂತು, ಪ್ರಯಾಣಿಕರ ಗಮನಕ್ಕೆ, ಎಂದರೆ ಮಲಗಿದ್ದ ನಾಯಿಯೂ ಎದ್ದು ಕೂರುತ್ತಿತ್ತು, ನಿವೃತ್ತಿಯಾದ ಮೇಲೆ ಆಫೀಸಿನವರು ಧ್ವನಿಮುದ್ರಣ ಮಾಡಿ ಇಟ್ಟುಬಿಡೋಣ ಎಂದರು, ಅಷ್ಟರಲ್ಲಿ ಅಪ್ಪನ ಗಂಟಲು ಕೂತಿತ್ತು, ದನಿ ದಣಿದಿತ್ತು, ತಮ್ಮ ಯಾರಿಗೂ ಹೇಳದೆ ಹೋಗಿ ಅಪ್ಪನ ದನಿಯಲ್ಲಿ ಇಡೀ ಊರಿನ ಬಸ್ಸುಗಳನ್ನೆಲ್ಲ ಹೊರಡಿಸಿ ಬಂದ. ಹೊರಡಲಿದೆ ಎನ್ನುವ ಮೊದಲು ಅಪ್ಪ ಸಣ್ಣಗೆ ಕೆಮ್ಮುತ್ತಿದ್ದ, ಅದನ್ನೂ ಸೇರಿಸಿದ್ದ. ಅಪ್ಪನಿಗೆ ಸಂತೋಷ ಆಗತ್ತೆ ಅಕ್ಕಾ, ಗಂಟಲು ಹೋದ್ರೂ ಬಸ್‌ಸ್ಟ್ಯಾಂಡಲ್ಲಿ ಇರ್ತಾನಲ್ಲ. ಅಪ್ಪ ಎಂದಿನಂತೆ ಪೇಪರು ತರಲು ಹೋದವನು, ಬಸ್‌ಸ್ಟ್ಯಾಂಡಿನ ನಡುವೆ ನಿಂತು, ತಾನೇ ಮಾತಾಡುವುದನ್ನು ಕೇಳಿ, ಪೇಪರಿಲ್ಲದೆ ವಾಪಸು ಬಂದು ಮಗನ ಮುಂದೆ ನಿಂತ, ನಾನಿನ್ನೂ ಬದುಕಿದೀನಿ ಕಣೋ, ನನ್ನ ದನಿ ಯಾಕೋ ಆಗಲೇ ದೆವ್ವ ಆಯ್ತು, ಕೆಮ್ಮನ್ನೂ ಬಿಡ್ಲಿಲ್ವಲ್ಲೋ. ಅದೇ ಕೊನೆ. ಆಮೇಲೆ ಒಂದೇ ಮನೆಯಲ್ಲಿ ಒಂದೇ ಗಂಟಲಿನ ಇಬ್ಬರು ತುಟಿ ಪಿಟಕ್ಕೆನ್ನದೆ ಓಡಾಡಿದರು, ಅವನು ಕೋಣೆಗೆ ಬಂದರೆ ಇವನು ಹಿತ್ತಲಿಗೆ, ಇವನು ಹಿತ್ತಲಿಂದ ಬಂದರೆ ಅವನು ಬೀದಿಗೆ, ಅವಳು ರಜೆಯಲ್ಲಿ ಹೋದರೆ ಇಬ್ಬರೂ ಅವಳ ಜೊತೆ ಮಾತ್ರ ಆಡುವರು, ಅವನಿಗೆ ಹೇಳು ನೀರಿನ ಮೋಟರು ಆಫ್ ಮಾಡು ಅಂತ, ಅವರಿಗೆ ಹೇಳಕ್ಕಾ ಆಫ್ ಮಾಡಿ ಆಯ್ತು ಅಂತ. ಅವರು! ಹುಟ್ಟಿದಾಗಿಂದ ಅಪ್ಪಾ ನೀನು ಎಂದವನು ಅವರು ಎಂದ. ಮೆದುಳಿನಲ್ಲಿ ಎಲ್ಲೋ ಒಂದು ನರ ಒಡೆದು, ಹಲ್ಲುಜ್ಜುತ್ತ ನಿಂತವನು ನಿಂತಲ್ಲೇ ಕುಸಿದಾಗ, ಎತ್ತಿ ಹಿಡಿದವನು ಅಪ್ಪನೇ, ಏನೋ, ಏನಾಯ್ತೋ, ಮಾತಾಡೋ, ಎಂದನಂತೆ, ಮಾತಾಡೋ ಎಂದ ಮೊದಲ ಸಲ, ಬಾಯಿ ತುಂಬ ಪೇಸ್ಟಿನ ನೊರೆ. ಈಗ ಅಪ್ಪ ಪೇಪರಿನ ನೆಪದಲ್ಲಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರುತ್ತಾನೆ, ಯಾವ ಬಸ್ಸನ್ನೂ ಹತ್ತುವುದಿಲ್ಲ. ಹೋದ ವಾರ ಫೋನಿನಲ್ಲಿ ಅಡ್ಡಾದಿಡ್ಡಿ ಮಾತಾಡಿ, ಮಾತಿನ ತುದಿಗೆ, ಅವನು, ನಿನ್ನ ಹತ್ರ, ನನ್ನ ವಿಷಯ ಏನಾದ್ರೂ — ಎಂದು ನಿಲ್ಲಿಸಿದ. ಒಂದಿದೆ ಅಪ್ಪಾ, ಎಂದುಬಿಟ್ಟಳು. ಬಾಯಿ ಬಿಟ್ಟರೆ ಬಣ್ಣಗೇಡು.

ಇತ್ತು. ಕ್ಯಾಮೆರಾಕ್ಕೆ ಹೊಸ ರೆಕಾರ್ಡರು ಬಂದಿದೆ, ಪರೀಕ್ಷೆಗೆ ಬಂದು ಕೂರೋ, ಎಂದು ಕರೆಸಿ ಕೂರಿಸಿದ್ದಳು, ಅವನು ಅರ್ಧ ಊರನ್ನೇ ಗಂಟಲಿಂದ ಹೊರತೆಗೆದ, ಸಾಕು ಮಾಡೋ, ನಿನ್ನ ಸ್ವಂತ ದನೀಲಿ ಒಂದು ಮಾತು ಹೇಳು, ಮಟ್ಟ ನೋಡ್ಬೇಕು. ಸ್ವಂತದ್ದಾ? ಸ್ಟಾಕ್ ಇಲ್ಲ ಅಕ್ಕಾ, ನಾಳೆ ಬನ್ನಿ. ಅಷ್ಟರಲ್ಲಿ ರೆಕಾರ್ಡರಿನ ಕೆಂಪು ದೀಪ ಮಿಣುಕಿತು, ಅವಳು ಹೆಡ್‌ಫೋನು ಕಳಚಿಟ್ಟು ಬ್ಯಾಟರಿ ತರಲು ಪಕ್ಕದ ಕೋಣೆಗೆ ಹೋದಳು, ಬರುವಾಗ ಅವನು ಅವಳನ್ನೇ ನೋಡುತ್ತ ಕೂತಿದ್ದ, ಹೇಳ್ಬಿಟ್ಟೆ, ನೀನಿಲ್ದಾಗ. ಏನಂದೆ? ಅದರೊಳಗಿದೆ, ಕೇಳ್ಕೊ. ಕೇಳಿಕೊಳ್ಳಲಿಲ್ಲ. ಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಅವನಿರಲಿಲ್ಲ, ಅವನಿಲ್ಲದ ಮೇಲೆ ಧೈರ್ಯವಿರಲಿಲ್ಲ, ಕೇಳದೆ ಇರುವವರೆಗೆ ಅವನಿಗೆ ಹೇಳುವುದೊಂದು ಬಾಕಿ ಇದೆ, ಹೇಳುವುದು ಬಾಕಿ ಇದ್ದವರು ಪೂರ್ತಿ ಹೋಗಿರುವುದಿಲ್ಲ, ಹಾಗೆ ಬಚ್ಚಿಟ್ಟುಕೊಂಡು, ತಿಂಗಳುಗಟ್ಟಲೆ ಯಾರೂ ಮುಟ್ಟದ ಕಡತವಾಗಿ — ಸಾಕು, ಈಗ ಕೈಯಲ್ಲಿರುವುದೇನು ನೋಡು. ಫ್ಯಾನಿನ ಗೊರಗೊರದ ಕೆಳಗೆ ಕಿವಿ ಒತ್ತಿ ಒತ್ತಿ, ದನಿಯ ಸಣ್ಣ ಸಣ್ಣ ಪಟ್ಟೆಗಳನ್ನು ಎತ್ತಿ ತಗ್ಗಿಸಿ, ಒಂದಷ್ಟನ್ನು ಗೆಬರಿ ತೆಗೆದಿದ್ದಾಳೆ, ಕೇಳಿದ್ರೆ ಸಾಕು, ಎನ್ನುತ್ತಾನೆ ಬಾವಿಯೊಳಗಿಂದ, ಅದು ಖಂಡಿತ, ಕೇಳಿದ್ರೆ ಸಾಕು, ಅದಕ್ಕೆ ಮೊದಲು ಒಂದೇ ಒಂದು ಪದ, ಅ ಎಂದು ಬಾಯಿ ತೆರೆದು, ತುಟಿ ಕೂಡಿ, ಮುಖ ಪಕ್ಕಕ್ಕೆ ತಿರುಗಿ, ಮತ್ತೆ ಅ ಎಂದು ಬಿಡುವ ಪದ. ಅಪ್ಪ ಕೇಳಿದ್ರೆ ಸಾಕು. ಅಥವಾ, ಅವರಿಬ್ಬರೂ ಶಾಲೆಗೆ ಹೋಗುವಾಗಲೇ ತೀರಿಕೊಂಡ ಅಮ್ಮ, ಅಮ್ಮ ಕೇಳಿದ್ರೆ ಸಾಕು. ಅಥವಾ ಸುಮ್ಮನೆ, ಕಿತ್ತು ಹೋದ ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದು, ಅಬ್ಬ. ಪ ಫ ಬ ಭ ಮ, ಎಲ್ಲ ಒಂದೇ ತುಟಿಯ ಸಂಸಾರ ಕಣ್ರೋ, ಎಂದಿದ್ದರು ಒಂದನೇ ಕ್ಲಾಸಿನ ಟೀಚರು, ಕನ್ನಡಿ ಹಿಡಿದು ನೋಡಿದರೆ ಯಾವುದು ಯಾವುದೆಂದು ತುಟಿಗೇ ಗೊತ್ತಿಲ್ಲ, ಅವಳು ಪರದೆ ಆರಿಸಿ ಕಪ್ಪು ಗಾಜಿನಲ್ಲಿ ತನ್ನ ಬಾಯಿ ನೋಡಿಕೊಂಡಳು, ಅಪ್ಪ, ಅಮ್ಮ, ಅಪ್ಪ, ಒಂದೇ, ಕೂದಲೆಳೆಯಷ್ಟೂ ಬೇರೆಯಿಲ್ಲ.

ಬೇರೆಯಿರುವುದು ತುಟಿ ಮುಚ್ಚಿದ್ದಾಗ. ಅಮ್ಮ ಎನ್ನುವಾಗ ಮುಚ್ಚಿದ ತುಟಿಯ ಹಿಂದೆ ಮೂಗಿನಲ್ಲಿ ಗುಂಯ್ಯೆನ್ನುತ್ತದೆ, ಅಪ್ಪ ಎನ್ನುವಾಗ ಏನೂ ಇರುವುದಿಲ್ಲ, ಆ ಪದದ ಹೊಟ್ಟೆಯೊಳಗೆ ಇರುವುದು ಬರೀ ಮೌನ, ಆ ಮನೆಯ ಹಾಗೆ. ಸರಿ, ಪರದೆ ಮತ್ತೆ ಹೊತ್ತಿಸಿ ಆ ಗಳಿಗೆಯಲ್ಲಿ ಗುಂಯ್ ಇದೆಯೇ ಇಲ್ಲವೇ ನೋಡಿದರಾಯಿತು — ಇದೆ, ಫ್ಯಾನಿನದು. ಫ್ಯಾನಿದ್ದರೆ ಯಾರು ಕೇಳಿದರೂ ಅಮ್ಮ ಎನ್ನುತ್ತಾರೆ, ಫ್ಯಾನಿನ ಸದ್ದು ಅಳಿಸುವ ಗುಂಡಿ ಒಂದಿದೆ, ಅದನ್ನು ಒತ್ತಿದರೆ ಗುಂಯ್ಯೆನ್ನುವುದೆಲ್ಲ ಹೋಗುತ್ತದೆ, ಮೂಗಿನದಾದರೂ ಸರಿ ಮೋಟರಿನದಾದರೂ ಸರಿ, ಆಗ ಯಾರು ಕೇಳಿದರೂ ಅಪ್ಪ. ಒಂದು ಬೆರಳಿನ ಕೆಲಸ. ಅವನ ಬಾಯಿಯಿಂದ ಯಾರನ್ನು ಕರೆಸಬೇಕು ಹೇಳು ಸಂಕಲನಕಾರ್ತಿಯೇ. ಅದೂ ಬೇಡ, ನೀನೇ ಹೇಳಿಬಿಡು, ಎಷ್ಟೆಂದರೂ ಅದೇ ಮನೆಯ ಗಂಟಲು — ದನಿ ಹಿಡಿಯುವ ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ನಿಂತಳು, ಅಪ್ಪ ಕೇಳಿದ್ರೆ ಸಾಕು, ಬಂದದ್ದು ಲೆಕ್ಕದ ಮೇಷ್ಟ್ರು, ಮತ್ತೆ ಹೇಳಿದಳು, ಬಂದದ್ದು ತಮ್ಮ ಮಾಡುತ್ತಿದ್ದ ಅಪ್ಪ, ಕೆಮ್ಮಿನ ಸಮೇತ, ಮತ್ತೆ ಹೇಳಿದಳು, ಯಾರೂ ಬರಲಿಲ್ಲ. ಚಿಕ್ಕವರಿದ್ದಾಗ ಬಾಗಿಲ ಹಿಂದೆ ನಿಂತು ಯಾರು ಹೇಳು ಎಂದು ಆಡುತ್ತಿದ್ದರು, ಅವನು ಮಾತಾಡುವುದು, ಇವಳು ಊಹಿಸುವುದು, ಎದುರು ಮನೆ ಮಾಮ, ಸರಿ, ಹಾಲಿನವಳು, ಸರಿ, ಒಂದು ದಿನ ಯಾವುದೋ ಗೊತ್ತೇ ಇಲ್ಲದ ದನಿ, ಮೆತ್ತಗಿನದು, ಸ್ವಲ್ಪ ಹೆದರಿದ್ದು, ಯಾರಪ್ಪಾ ಇದು, ಪೋಸ್ಟಿನವನಾ, ಪಕ್ಕದ ಬೀದಿ ಹುಡುಗನಾ, ಸೋತೆ ಕಣೋ, ಯಾರದು? ಬಾಗಿಲ ಹಿಂದಿನಿಂದ ಬಂದು, ನಾನೇ ಕಣೇ, ಎಂದ. ಅದು ಹೇಗಿತ್ತು? ಆ ಮೆತ್ತಗಿನದು? ಅಂಚೇ ಇಲ್ಲ ಅದಕ್ಕೆ, ಹಿಡಿಯಲು ಎಲ್ಲೂ ಒಂದು ಹಿಡಿಯಿಲ್ಲ, ಕತ್ತಲಲ್ಲಿ ನೀರಿಗೆ ಕೈ ಹಾಕಿದಂತೆ. ಕೋಣೆಯಿಂದ ಹೊರಬಂದಾಗ ಪರದೆಯ ಮೇಲೆ ಅವನು ಕಾಯುತ್ತಿದ್ದ. ತುಟಿ ಕೂಡಿತ್ತು.

ಮೇಡಂ, ನಿಮ್ಮ ತಂದೆಯವರು, ಎಂದು ಕೆಳಗಿನ ಕಾವಲಿನವನ ಫೋನು, ಅಷ್ಟರಲ್ಲಿ ಮೆಟ್ಟಿಲಲ್ಲೇ ಏದುಸಿರು, ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಯಾರನ್ನೋ ನೋಡಲು ಬಂದವನಂತೆ ತಲೆ ಬಾಚಿ, ಬಾಗಿಲಲ್ಲಿ ನಿಂತಿದ್ದಾನೆ, ಚಪ್ಪಲಿ ಇಲ್ಲೇ ಬಿಡ್ಲಾ? ಹಾಕ್ಕೊಂಡೇ ಬಾ ಅಪ್ಪಾ, ಕೂತ್ಕೊ, ನೀರು? ಏನೂ ಬೇಡ. ಹಾಕು. ಅಪ್ಪಾ, ಒಂದು ವಿಷಯ, ಅದರಲ್ಲಿ ಸ್ವಲ್ಪ ತೊಂದ್ರೆ ಆಗಿದೆ, ದನಿ ಸರಿಯಾಗಿ ಉಳಿದಿ— ಎಷ್ಟು ಉಳಿದಿದೆಯೋ ಅಷ್ಟು ಹಾಕು ಮರಿ, ನಂದೇನು ಪೂರ್ತಿ ಉಳಿದಿದೆಯಾ. ಬೆರಳು ಅಳಿಸುವ ಗುಂಡಿಯ ಮೇಲೆ ಬಂತು, ಅಪ್ಪ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ್ದಾನೆ, ಒಂದೇ ಒಂದು ಒತ್ತು, ಯಾರಿಗೆ ನಷ್ಟ, ಬೆರಳು ಅಲ್ಲೇ ಇತ್ತು, ಒತ್ತಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಬಿಟ್ಟಳು. ಗೊರ್ರ್. ಅಪ್ಪನ ಹುಬ್ಬು ಗಂಟಾಯಿತು. ಏನೂ ಕೇಳ್ಸಲ್ವಲ್ಲೇ. ಇನ್ನೊಂದ್ಸಲ. ಅವಳು ಕಿವಿಗೆ ಇನ್ನೊಂದು ಹೆಡ್‌ಫೋನು ಒತ್ತಿಕೊಂಡು ಅಪ್ಪನೊಂದಿಗೇ ಕೇಳಿದಳು, ಈ ಸಲ ಮೊದಲ ಬಾರಿಗೆ ಆ ಪದದ ಆಸುಪಾಸಿನಲ್ಲೇ ಟಕ್ ಎಂದದ್ದು ಕೇಳಿಸಿತು, ಇಷ್ಟು ಹೊತ್ತು ಬರೀ ದನಿಗಾಗಿ ತಡಕುತ್ತಿದ್ದವಳಿಗೆ ಸದ್ದು ಬೇಕಿರಲಿಲ್ಲ, ಏನದು ಟಕ್, ಅಷ್ಟರಲ್ಲಿ ಅಪ್ಪ ಹೆಡ್‌ಫೋನು ಕಳಚಿ ಮಡಿಲಲ್ಲಿಟ್ಟುಕೊಂಡ. ಸೌಂಡ್ ತೆಗೆದ್ಬಿಡು. ಅಪ್ಪಾ? ತೆಗಿ ಅಂದ್ನಲ್ಲ, ಮುಖ ನೋಡ್ತೀನಿ. ತೆಗೆದಳು. ಈಗ ಫ್ಯಾನೂ ಇಲ್ಲ, ಕೋಣೆಯಲ್ಲಿ ಅಪ್ಪನ ಉಸಿರು ಮಾತ್ರ, ಪರದೆಯಲ್ಲಿ ಅವನು, ಅ ಎಂದು ಬಾಯಿ ತೆರೆದು, ತುಟಿ ಕೂಡಿ, ಮುಖ ತಿರುಗಿ. ಇನ್ನೊಂದ್ಸಲ ಮರಿ. ಕೂಡಿ, ತಿರುಗಿ. ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಮುಖ ತಿರುಗಿಸ್ದ, ನೋಡ್ದೆಯಾ. ಇಲ್ಲ ಅಪ್ಪಾ, ಅದು ಬೇಜಾರಿಗಲ್ಲ, ಅವನು ಸುಮ್ನೆ ಹಂಗೇ — ಬೇಜಾರು ಅಂತ ಯಾರಂದ್ರು? ಪಾಠ ಕಣೇ ಅದು. ಅಪ್ಪ ಮುಷ್ಟಿ ಕಟ್ಟಿ ಬಾಯಿಯ ಮುಂದೆ ಮೈಕಿನಂತೆ ಹಿಡಿದ, ಪ ಅಂದ್ರೆ ಬಾಯಿಂದ ಗಾಳಿ ಸಿಡಿಯತ್ತೆ, ಮೈಕಿಗೆ ಗುದ್ದಿದಂಗಾಗತ್ತೆ, ಹೊರಗಡೆ ಸ್ಪೀಕರು ಢಂ ಅನ್ನತ್ತೆ, ಅದಕ್ಕೆ ಪ ಬಂದಾಗೆಲ್ಲ ಬಾಯಿ ಒಂಚೂರು ಪಕ್ಕಕ್ಕೆ, ಪ್ರಯಾಣಿಕರು ಅನ್ನೋವಾಗ, ಪ್ಲಾಟ್‌ಫಾರಂ ಅನ್ನೋವಾಗ, ಗಾಳಿ ಆ ಕಡೆ, ದನಿ ಈ ಕಡೆ. ಮ-ಗೆ ಬೇಕಿಲ್ಲ, ಮ ಸಾಧು. ಅವನು ಇಷ್ಟುದ್ದ ಇದ್ದಾಗ ಗಾಜಿನ ಕೋಣೇಲಿ ತೊಡೆ ಮೇಲೆ ಕೂರಿಸ್ಕೊಂಡು, ಗದ್ದ ಹಿಡಿದು ನಾನೇ ತಿರುಗಿಸ್ತಿದ್ದೆ, ಹಿಂಗೆ. ತನ್ನ ಗದ್ದವನ್ನು ತಾನೇ ಹಿಡಿದು, ಒಂದಿಷ್ಟು ಪಕ್ಕಕ್ಕೆ ತಿರುಗಿಸಿ, ಹಾಗೇ ಹಿಡಿದುಕೊಂಡೇ ಕೂತ. ಬೇರೆಯವರ ದನೀಲಿ ಮಾತಾಡೋವಾಗ ಯಾವತ್ತೂ ತಿರುಗಿಸ್ತಿರ್ಲಿಲ್ಲ ಅವನು, ಎಂದ, ನೋಡಿದೀನಲ್ಲ. ಇನ್ನೊಂದ್ಸಲ ಹಾಕು. ಹಾಕಿದಳು, ಹಾಕುತ್ತಲೇ ಆ ಟಕ್ ಏನೆಂದು ಅವಳಿಗೆ ಗೊತ್ತಾಯಿತು, ಬಾಗಿಲ ಚಿಲಕ, ಬ್ಯಾಟರಿ ಹಿಡಿದುಕೊಂಡು ಅವಳೇ ಒಳಗೆ ಬಂದದ್ದು, ಆ ಬಾಗಿಲಿರುವುದು ಅವನು ತಿರುಗಿದ ಕಡೆಗೇ, ಟಕ್ ಮೊದಲೋ, ತಿರುಗಿದ್ದು ಮೊದಲೋ, ದನಿ ಏರಿಸಿ ಒಂದೊಂದೇ ಚೌಕಟ್ಟು ಸರಿಸಿದರೆ ತಿಳಿಯುತ್ತದೆ, ಅವನು ಕರೆದದ್ದು ಅಪ್ಪನನ್ನೋ, ಸದ್ದಾಯಿತೆಂದು ನೋಡಿದ್ದು ಅಕ್ಕನನ್ನೋ, ಇವರ ಭಂಡಾರ ಬೇರೆಲ್ಲ ಕಳೆದು ಆ ಚಿಲಕವನ್ನು ಮಾತ್ರ ಅಚ್ಚುಕಟ್ಟಾಗಿ ಉಳಿಸಿದೆ, ಕೈ ಮೌಸಿನ ಮೇಲಿದೆ, ಅಪ್ಪ ಗದ್ದ ಹಿಡಿದೇ ಇದ್ದಾನೆ, ಇನ್ನೊಂದ್ಸಲ ಮರಿ, ಸೌಂಡ್ ಬೇಡ, ಅ ಎಂದು ಬಾಯಿ ತೆರೆಯುತ್ತದೆ, ತುಟಿ ಕೂಡುತ್ತದೆ, ಮುಖ ಒಂದಿಷ್ಟು ಪಕ್ಕಕ್ಕೆ, ಇನ್ನೊಂದ್ಸಲ, ತುಟಿ ಕೂಡುತ್ತದೆ, ಮುಖ, ಇನ್ನೊಂದ್ಸಲ, ತುಟಿ ಕೂಡಿದೆ, ಕೂಡಿದೆ, ತುಟಿ —